ಕೊನೆಯ ತುತ್ತನ್ನು ಬಿಟ್ಟ ರಾಜ

ಇಂದಿನ ಧಮ್ಮ ಚಿಂತನೆ



ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಬಳಗದ ಅಕ್ಕ ಒಬ್ಬರು ಸಂಕೋಚದಿಂದಲೇ ಒಂದು ಪ್ರಶ್ನೆ ಕೇಳಿದರು. ಡಾಕ್ಟರು ತೂಕ ಇಳಿಸಲು ಹೇಳಿದ್ದಾರಂತೆ. ಹಗಲೆಲ್ಲ ಹೇಗೋ ಬಾಯಿ ಕಟ್ಟುತ್ತಾರಂತೆ. ರಾತ್ರಿ ಹತ್ತಾಯಿತೆಂದರೆ ಕಾಲು ತಾನಾಗಿ ಅಡುಗೆಮನೆ ಕಡೆಗೆ ಹೋಗುತ್ತದಂತೆ. ಇದಕ್ಕೆ ಧಮ್ಮದಲ್ಲಿ ಏನಾದರೂ ದಾರಿ ಇದೆಯೇ ಎಂದು ಕೇಳಿದರು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಉತ್ತರ ಪತ್ರಿಕೆ ತಿದ್ದುತ್ತಾ ರಾತ್ರಿ ಹನ್ನೊಂದಕ್ಕೆ ಮಿಕ್ಸ್ಚರ್ ಡಬ್ಬ ಖಾಲಿ ಮಾಡುವ ಮೇಷ್ಟ್ರು ನಾನೇ.

ಆ ಅಕ್ಕನಿಗೆ ಅಂದು ಸರಿಯಾದ ಉತ್ತರ ಕೊಡಲಾಗಲಿಲ್ಲ. ಮನೆಗೆ ಬಂದ ಮೇಲೆ ಒಬ್ಬ ರಾಜ ನೆನಪಾದ. ಇಂದು ಅವನ ಬದುಕನ್ನು ಓದೋಣ.

ಅವನ ಹೆಸರು ಪಸೇನದಿ. ಸಂಸ್ಕೃತದಲ್ಲಿ ಪ್ರಸೇನಜಿತ. ಬಾಬಾಸಾಹೇಬರ ‘ಬುದ್ಧ ಮತ್ತು ಅವನ ಧಮ್ಮ’ ಓದಿದವರಿಗೆ ಈ ಹೆಸರು ಗೊತ್ತು. ಕೋಸಲ ದೇಶದ ದೊರೆ. ರಾಜಧಾನಿ ಶ್ರಾವಸ್ತಿ. ಇಂದಿನ ಉತ್ತರ ಪ್ರದೇಶದ ಸಹೇಟ್-ಮಹೇಟ್‌ನಲ್ಲಿ ಆ ಊರಿನ ಅವಶೇಷಗಳಿವೆ. ಭಗವಾನ್ ಬುದ್ಧರು ಅತಿ ಹೆಚ್ಚು ವರ್ಷಾವಾಸಗಳನ್ನು ಕಳೆದದ್ದು ಇಲ್ಲಿಯೇ. ರಾಜನಿಗೂ ಬುದ್ಧರಿಗೂ ಒಂದೇ ವಯಸ್ಸು. ತಕ್ಷಶಿಲೆಯಲ್ಲಿ ಓದಿದವನು ಎಂದು ಅಟ್ಟಕಥೆ ಹೇಳುತ್ತದೆ. ಸಂಯುತ್ತ ನಿಕಾಯದಲ್ಲಿ ಅವನಿಗಾಗಿಯೇ ಕೋಸಲ ಸಂಯುತ್ತ ಎಂಬ ಭಾಗವಿದೆ. ಅದರಲ್ಲಿ 25 ಸುತ್ತಗಳಿವೆ.

ಪಸೇನದಿ ದೇವಮಾನವನೂ ಅಲ್ಲ, ದುಷ್ಟನೂ ಅಲ್ಲ. ತಪ್ಪು ಮಾಡುತ್ತಿದ್ದ, ಬುದ್ಧರ ಬಳಿ ಓಡಿ ಬರುತ್ತಿದ್ದ, ತಿದ್ದಿಕೊಳ್ಳುತ್ತಿದ್ದ, ಮತ್ತೆ ತಪ್ಪು ಮಾಡುತ್ತಿದ್ದ. ಅದಕ್ಕೇ ಅವನು ನಮ್ಮಂಥವರಿಗೆ ಹತ್ತಿರದವನು.

ಮೊದಲ ಭೇಟಿಯಲ್ಲಿ ಅವನು ಬುದ್ಧರನ್ನು ನಂಬಲಿಲ್ಲ. ಇಷ್ಟು ಚಿಕ್ಕ ವಯಸ್ಸಿನವರು ಹೇಗೆ ಸಂಬುದ್ಧರಾದಾರು ಎಂದು ಅನುಮಾನಪಟ್ಟ. ಬೆಂಕಿ ಚಿಕ್ಕದೆಂದು, ಹಾವು ಮರಿಯೆಂದು ಯಾರೂ ಕಡೆಗಣಿಸಬಾರದು, ಹಾಗೆಯೇ ರಾಜಕುಮಾರನನ್ನೂ ಭಿಕ್ಖುವನ್ನೂ ಎಳೆಯರೆಂದು ಕಡೆಗಣಿಸಬಾರದು ಎಂದು ಬುದ್ಧರು ವಿವರಿಸಿದ ಮೇಲೆ ಶರಣು ಬಂದ.

ಅವನ ರಾಣಿ ಮಲ್ಲಿಕಾ ಅರಮನೆಯಲ್ಲಿ ಹುಟ್ಟಿದವಳಲ್ಲ, ಹೂ ಕಟ್ಟುವವನ ಮಗಳು. ಒಂದು ದಿನ ತೋಟಕ್ಕೆ ಹೋಗುವಾಗ ತನ್ನ ಊಟಕ್ಕೆಂದು ಇಟ್ಟುಕೊಂಡಿದ್ದುದನ್ನು ಎದುರಿಗೆ ಬಂದ ಬುದ್ಧರ ಪಾತ್ರೆಗೆ ಹಾಕಿದಳು. ಯುದ್ಧದಲ್ಲಿ ಸೋತು ಬಳಲಿ ಬಂದ ಪಸೇನದಿ ಅದೇ ದಿನ ಆ ತೋಟದಲ್ಲಿ ಅವಳನ್ನು ಕಂಡು ರಾಣಿಯಾಗಿ ಕರೆದುಕೊಂಡು ಹೋದ. ಮುಂದೆ ಅವಳಿಗೆ ಹೆಣ್ಣು ಮಗು ಹುಟ್ಟಿದಾಗ ರಾಜ ಮುಖ ಸಪ್ಪೆ ಮಾಡಿಕೊಂಡ. ಮಗಳು ಮಗನಿಗಿಂತ ಮೇಲಾಗಬಲ್ಲಳು ಎಂದು ಬುದ್ಧರು ಅವನಿಗೆ ತಿಳಿಹೇಳಬೇಕಾಯಿತು.

ಮಲ್ಲಿಕಾ ಅವನಿಗಿಂತ ಬುದ್ಧಿವಂತೆ. ಒಂದು ರಾತ್ರಿಯ ಪ್ರಸಂಗ ಕೇಳಿ. ಮೆರವಣಿಗೆಯಲ್ಲಿ ಹೋಗುವಾಗ ರಾಜ ಕಿಟಕಿಯಲ್ಲಿ ನಿಂತಿದ್ದ ಬೇರೊಬ್ಬನ ಹೆಂಡತಿಯನ್ನು ಕಂಡು ಆಸೆಪಟ್ಟ. ಅವಳ ಗಂಡನನ್ನು ಹೇಗಾದರೂ ಕೊಲ್ಲಿಸಬೇಕೆಂದು ಲೆಕ್ಕ ಹಾಕಿದ. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ನಡುರಾತ್ರಿಯಲ್ಲಿ ಭಯಾನಕ ದನಿಗಳು ಕೇಳಿಸಿದವು. ಬೆಳಗಾದ ಮೇಲೆ ಪುರೋಹಿತರನ್ನು ಕೇಳಿದರೆ ಪ್ರಾಣಿಗಳನ್ನು ಬಲಿಕೊಟ್ಟು ದೊಡ್ಡ ಯಜ್ಞ ಮಾಡಬೇಕೆಂದರು. ಪ್ರಾಣಿಗಳನ್ನು ಕಂಬಕ್ಕೆ ಕಟ್ಟಿದ್ದಾಯಿತು. ಆಗ ಮಲ್ಲಿಕಾ ಗಂಡನನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಳು. ಕೊಳಗದಷ್ಟು ಅನ್ನ ಉಣ್ಣುವುದು ಗೊತ್ತು, ಎರಡು ದೇಶ ಆಳುವುದೂ ಗೊತ್ತು, ಬುದ್ಧಿ ಮಾತ್ರ ಮಂದ ಎಂಬ ಅರ್ಥದಲ್ಲಿ ಬೈದು, ಬುದ್ಧರ ಬಳಿಗೆ ಕರೆದೊಯ್ದಳು. ಯಜ್ಞ ನಿಂತಿತು. ಪ್ರಾಣಿಗಳ ಕಟ್ಟು ಬಿಚ್ಚಿದರು. ಆಸೆ ಹೊತ್ತು ಮಲಗಿದವನಿಗೆ ರಾತ್ರಿ ಎಷ್ಟು ಉದ್ದ ಎಂಬುದು ರಾಜನಿಗೆ ಅನುಭವದಿಂದಲೇ ಗೊತ್ತಾಯಿತು.

ಮಲ್ಲಿಕಾ ಬೈಗುಳದಲ್ಲಿ ಬಂದ ಆ ಕೊಳಗದನ್ನ ಉತ್ಪ್ರೇಕ್ಷೆಯಲ್ಲ. ಒಂದು ದ್ರೋಣ ಅಕ್ಕಿಯ ಅನ್ನ, ಅದಕ್ಕೆ ತಕ್ಕಷ್ಟು ಸಾರು ಪಲ್ಯ, ಇದು ರಾಜನ ಊಟ ಎಂದು ಪಾಲಿ ಗ್ರಂಥಗಳು ಹೇಳುತ್ತವೆ. ಒಂದು ದಿನ ಹೀಗೆ ಉಂಡು ಏದುಸಿರು ಬಿಡುತ್ತಾ ಜೇತವನಕ್ಕೆ ಬಂದ. ಕೂರಲಾಗುತ್ತಿಲ್ಲ, ನಿಲ್ಲಲಾಗುತ್ತಿಲ್ಲ. ಧಮ್ಮ ಕೇಳಲು ಬಂದವನು ತೂಕಡಿಸುತ್ತಾ ಅತ್ತಿಂದಿತ್ತ ಓಲಾಡುತ್ತಿದ್ದ.

ಬುದ್ಧರು ಅವನನ್ನು ಗದರಲಿಲ್ಲ, ಉಪವಾಸ ಮಾಡು ಎನ್ನಲೂ ಇಲ್ಲ. ಎಚ್ಚರದಿಂದ ಉಣ್ಣುವವನ, ಸಿಕ್ಕ ಆಹಾರದಲ್ಲಿ ತನ್ನ ಅಳತೆ ತಿಳಿದವನ ನೋವುಗಳು ಕಡಿಮೆಯಾಗುತ್ತವೆ, ಮುಪ್ಪು ನಿಧಾನವಾಗಿ ಬರುತ್ತದೆ, ಆಯುಷ್ಯ ಉಳಿಯುತ್ತದೆ ಎಂಬ ಭಾವದ ಒಂದು ಚಿಕ್ಕ ಗಾಥೆ ಹೇಳಿದರು. ಅಷ್ಟೇ.

ರಾಜನಿಗೆ ತನ್ನ ಮನಸ್ಸಿನ ಮೇಲೆ ನಂಬಿಕೆ ಇರಲಿಲ್ಲ. ತಟ್ಟೆ ಮುಂದೆ ಬಂದಾಗ ಗಾಥೆ ಮರೆತುಹೋಗುತ್ತದೆ ಎಂಬುದು ಅವನಿಗೆ ಗೊತ್ತು. ಹಿಂದೆ ನಿಂತಿದ್ದ ಸುದಸ್ಸನ ಎಂಬ ಹುಡುಗನಿಗೆ ಆ ಗಾಥೆಯನ್ನು ಬುದ್ಧರಿಂದಲೇ ಕಲಿತುಕೊಳ್ಳಲು ಹೇಳಿದ. ತಾನು ಉಣ್ಣುವಾಗಲೆಲ್ಲ ಅದನ್ನು ಹೇಳಬೇಕು, ಅದಕ್ಕೆ ದಿನಕ್ಕೆ 100 ಕಹಾಪಣ ಕೊಡುತ್ತೇನೆಂದು ಗೊತ್ತುಮಾಡಿದ.

ಅಟ್ಟಕಥೆ ಇನ್ನೊಂದು ಸೂಕ್ಷ್ಮ ಹೇಳುತ್ತದೆ. ಊಟದ ಮೊದಲಿಗೇ ಗಾಥೆ ಹೇಳಬಾರದು, ರಾಜ ಕೊನೆಯ ತುತ್ತನ್ನು ಕೈಗೆ ತೆಗೆದುಕೊಂಡಾಗ ಹೇಳಬೇಕೆಂದು ಬುದ್ಧರು ಹುಡುಗನಿಗೆ ಕಲಿಸಿದ್ದರು. ಗಾಥೆ ಕಿವಿಗೆ ಬಿದ್ದ ಕೂಡಲೇ ರಾಜ ಆ ಒಂದು ತುತ್ತನ್ನು ಬಿಡಬೇಕು. ಮರುದಿನ ಅಡುಗೆ ಮಾಡುವಾಗ ಅಷ್ಟು ಅಕ್ಕಿ, ಅಷ್ಟು ಸಾರು ಕಡಿಮೆ ಮಾಡಬೇಕು. ಮರುದಿನ ಮತ್ತೊಂದು ತುತ್ತು. ಹೀಗೆ ಇಳಿಯುತ್ತಾ ಬಂದ ಊಟ ಕೊನೆಗೆ ಒಂದು ನಾಳಿಗೆ ನಿಂತಿತು. ಹಳೆಯ ಅಳತೆಯಲ್ಲಿ ಹದಿನಾರು ನಾಳಿಗೆ ಒಂದು ದ್ರೋಣ. ಮೈ ಹಗುರಾದ ಮೇಲೆ ರಾಜ ತನ್ನ ಕೈಕಾಲುಗಳನ್ನು ತಾನೇ ಸವರಿ ನೋಡಿಕೊಂಡು, ಇಹಕ್ಕೂ ಪರಕ್ಕೂ ಭಗವಾನರು ತನಗೆ ಕರುಣೆ ತೋರಿದರೆಂದು ಸಂತೋಷಪಟ್ಟ.

ಬಂಧುಗಳೇ, ಇಲ್ಲಿ ಸ್ವಲ್ಪ ನಿಲ್ಲೋಣ. ನಾವು ತೂಕ ಇಳಿಸಲು ಹೊರಟಾಗ ಏನು ಮಾಡುತ್ತೇವೆ? ಸೋಮವಾರದಿಂದ ಅನ್ನ ಬಂದ್ ಎಂದು ಶಪಥ ಮಾಡುತ್ತೇವೆ. ಬೆಳಿಗ್ಗೆ ಬರೀ ಕಾಫಿ, ಮಧ್ಯಾಹ್ನ ಎರಡು ಸೌತೆಕಾಯಿ. ರಾತ್ರಿ ಹತ್ತಕ್ಕೆ ಹೊಟ್ಟೆ ತನ್ನ ಬಾಕಿ ಕೇಳುತ್ತದೆ. ಆಗ ಒಂದಕ್ಕೆ ನಾಲ್ಕು ತಿಂದು, ನನ್ನಿಂದ ಇದು ಆಗದು ಎಂದು ಮಲಗುತ್ತೇವೆ. ಪಸೇನದಿ ದ್ರೋಣದಿಂದ ನಾಳಿಗೆ ಒಂದೇ ದಿನದಲ್ಲಿ ಹಾರಲಿಲ್ಲ. ದಿನಕ್ಕೆ ಒಂದು ತುತ್ತು ಇಳಿದ.

ಭಿಕ್ಖು ಸಂಘಕ್ಕೂ ಬುದ್ಧರು ಹೀಗೆಯೇ ಮಾಡಿದ್ದರು. ಮಜ್ಝಿಮ ನಿಕಾಯದ ಲಟುಕಿಕೋಪಮ ಸುತ್ತದಲ್ಲಿ ಉದಾಯಿ ಭಂತೆ ಹಳೆಯ ದಿನಗಳನ್ನು ನೆನೆಯುತ್ತಾರೆ. ಮೊದಲು ಮಧ್ಯಾಹ್ನದ ನಂತರದ ಊಟ ಬಿಡಿಸಿದರು. ಆಮೇಲೆ ರಾತ್ರಿಯ ಊಟ ಬಿಡಿಸಿದರು. ಭಿಕ್ಖುಗಳಿಗೂ ಬೇಸರವಾಗಿತ್ತು, ರುಚಿಯಾದ ಅಡುಗೆಯೆಲ್ಲ ರಾತ್ರಿಯೇ ಆಗುತ್ತಿತ್ತಲ್ಲ! ಕತ್ತಲಲ್ಲಿ ಭಿಕ್ಷೆಗೆ ಹೋಗಿ ಕೊಚ್ಚೆಗುಂಡಿಗೆ ಬೀಳುತ್ತಿದ್ದರು, ಮುಳ್ಳುಬೇಲಿಗೆ ಸಿಕ್ಕಿಕೊಳ್ಳುತ್ತಿದ್ದರು, ಮಲಗಿದ ಹಸುವನ್ನು ಎಡವುತ್ತಿದ್ದರು. ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬಳು ಮಿಂಚಿನ ಬೆಳಕಿನಲ್ಲಿ ಉದಾಯಿ ಭಂತೆಯನ್ನು ಕಂಡು ದೆವ್ವವೆಂದು ಕಿರುಚಿದ್ದಳು. ಪೂರ್ಣಿಮೆಯ ದಿನ ಅಷ್ಟಶೀಲ ತೆಗೆದುಕೊಂಡು ಮಧ್ಯಾಹ್ನದ ಮೇಲೆ ಊಟ ಬಿಡುವ ನಮಗೆ ಆ ಭಿಕ್ಖುಗಳ ಸಂಕಟ ಸ್ವಲ್ಪ ಗೊತ್ತು.

ಈಗ ರಾಜನ ಮುಂದಿನ ಬದುಕಿಗೆ ಬರೋಣ. ಊಟ ಗೆದ್ದವನು ಎಲ್ಲವನ್ನೂ ಗೆಲ್ಲಲಿಲ್ಲ.

ಬುದ್ಧರ ಕುಲದ ಜೊತೆ ನಂಟು ಬೆಳೆಸುವ ಆಸೆಯಿಂದ ಅವನು ಶಾಕ್ಯರಿಂದ ಹೆಣ್ಣು ಕೇಳಿದ. ಶಾಕ್ಯರಿಗೆ ಕುಲದ ಅಹಂಕಾರ. ಕೊಡಲು ಮನಸ್ಸಿಲ್ಲ, ಇಲ್ಲವೆನ್ನಲು ಧೈರ್ಯವಿಲ್ಲ. ಮಹಾನಾಮ ಎಂಬ ಶಾಕ್ಯನಿಗೆ ದಾಸಿಯಲ್ಲಿ ಹುಟ್ಟಿದ್ದ ವಾಸಭಖತ್ತಿಯಾ ಎಂಬ ಮಗಳನ್ನು ಶಾಕ್ಯ ಕನ್ಯೆಯೆಂದು ಹೇಳಿ ಕಳಿಸಿದರು. ದೂತರಿಗೆ ಅನುಮಾನ ಬಾರದಿರಲೆಂದು ಮಹಾನಾಮ ಮಗಳ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುವವನಂತೆ ಕುಳಿತ. ಅವಳು ತುತ್ತು ತೆಗೆದುಕೊಂಡ ಹೊತ್ತಿಗೆ, ಮೊದಲೇ ಮಾತಾಡಿಕೊಂಡಂತೆ, ಒಂದು ಪತ್ರ ಬಂತು. ಅವಳು ಉಂಡು ಮುಗಿಸುವವರೆಗೂ ಓದುವವನಂತೆ ನಟಿಸಿದ. ಹೆತ್ತ ಮಗಳ ಜೊತೆ ಪೂರ್ತಿ ಊಟ ಮಾಡಲಿಲ್ಲ. ಜಾತಿ ಎಲ್ಲಿಯವರೆಗೆ ಹೋಗುತ್ತದೆ ನೋಡಿ.

ಅವಳ ಮಗ ವಿಡೂಡಭ. ಹದಿನಾರರ ವಯಸ್ಸಿನಲ್ಲಿ ಅಜ್ಜನ ಮನೆಗೆಂದು ಕಪಿಲವಸ್ತುವಿಗೆ ಹೋಗಿ ಬಂದ. ಅವನು ಹೊರಟ ಮೇಲೆ ಅವನು ಕುಳಿತ ಮಣೆಯನ್ನು ಹಾಲು ಬೆರೆಸಿದ ನೀರಿನಿಂದ ತೊಳೆಸಿದರು. ಮರೆತ ಆಯುಧ ತರಲು ಹಿಂದಿರುಗಿದ ಸೈನಿಕನೊಬ್ಬನಿಗೆ ಅದು ತಿಳಿಯಿತು. ಸುದ್ದಿ ತಿಳಿದ ಪಸೇನದಿ ತಾಯಿ ಮಗ ಇಬ್ಬರನ್ನೂ ಅರಮನೆಯ ಮರ್ಯಾದೆಯಿಂದ ಇಳಿಸಿಬಿಟ್ಟ. ಬುದ್ಧರು ತಿಳಿಹೇಳಿದ ಮೇಲಷ್ಟೇ ಹಿಂದಿನ ಸ್ಥಾನ ಕೊಟ್ಟ. ಹುಡುಗನ ಎದೆಯ ಗಾಯ ಮಾತ್ರ ಮಾಯಲಿಲ್ಲ.

ಚಾಡಿ ಮಾತು ಕೇಳಿ ತನ್ನ ಬಾಲ್ಯದ ಗೆಳೆಯ, ನ್ಯಾಯವಂತನಾದ ಸೇನಾಪತಿ ಬಂಧುಲನನ್ನೂ ಅವನ ಮಕ್ಕಳನ್ನೂ ಕೊಲ್ಲಿಸಿದ. ಆಮೇಲೆ ಪಶ್ಚಾತ್ತಾಪಪಟ್ಟು ಬಂಧುಲನ ಸೋದರಳಿಯ ದೀಘಕಾರಾಯಣನಿಗೆ ಸೇನಾಪತಿ ಪದವಿ ಕೊಟ್ಟ. ಮಲ್ಲಿಕಾ ಅವನಿಗಿಂತ ಮೊದಲೇ ತೀರಿಕೊಂಡಳು. ಬೈದು ದಾರಿಗೆ ತರುವವರು ಮನೆಯಲ್ಲಿ ಇಲ್ಲವಾದರು.

ಎಂಬತ್ತನೆಯ ವಯಸ್ಸಿನಲ್ಲಿ ಅವನು ಶಾಕ್ಯರ ಒಂದು ಊರಿನಲ್ಲಿ ಬುದ್ಧರನ್ನು ಕಡೆಯ ಸಲ ಕಂಡ. ಖಡ್ಗ, ಕಿರೀಟ ಮೊದಲಾದ ರಾಜಚಿಹ್ನೆಗಳನ್ನು ಹೊರಗೆ ಕಾರಾಯಣನ ಕೈಗೆ ಕೊಟ್ಟು ಒಳಗೆ ಹೋದ. ಬುದ್ಧರ ಪಾದಗಳಿಗೆ ತಲೆಯಿಟ್ಟು ಬಹಳ ಹೊತ್ತು ಪ್ರೀತಿಯಿಂದ ಮಾತಾಡಿದ. ಹೊರಗೆ ಬಂದಾಗ ಒಂದು ಕುದುರೆ, ಒಬ್ಬ ದಾಸಿ ಮಾತ್ರ ಉಳಿದಿದ್ದರು. ಕಾರಾಯಣ ರಾಜಚಿಹ್ನೆಗಳನ್ನು ಒಯ್ದು ವಿಡೂಡಭನಿಗೆ ಪಟ್ಟ ಕಟ್ಟಿದ್ದ.

ಮುದುಕ ರಾಜ ನೆರವು ಕೇಳಲು ಸೋದರಳಿಯ ಅಜಾತಶತ್ರುವಿನ ರಾಜಗೃಹದ ದಾರಿ ಹಿಡಿದ. ಹಿಂದೊಮ್ಮೆ ಯುದ್ಧದಲ್ಲಿ ಸೆರೆ ಸಿಕ್ಕಾಗ ಪ್ರಾಣಸಹಿತ ಬಿಟ್ಟಿದ್ದನಲ್ಲ, ಅದೇ ಸೋದರಳಿಯ. ಗಾಳಿ ಬಿಸಿಲಿಗೆ ಬಳಲಿ ತಲುಪುವಾಗ ಹೊತ್ತು ಮುಳುಗಿತ್ತು. ಊರ ಬಾಗಿಲು ಮುಚ್ಚಿತ್ತು. ಹೊರಗಿನ ಒಂದು ಛತ್ರದಲ್ಲಿ ಮಲಗಿದ. ಆ ರಾತ್ರಿಯೇ ತೀರಿಕೊಂಡ. ಬೆಳಿಗ್ಗೆ ಆ ದಾಸಿಯ ಅಳು ಕೇಳಿ ಊರಿನವರಿಗೆ ಗೊತ್ತಾಯಿತು. ಅಜಾತಶತ್ರು ಮರ್ಯಾದೆಯಿಂದ ಅಂತ್ಯಕ್ರಿಯೆ ಮಾಡಿಸಿದ. ಅತ್ತ ವಿಡೂಡಭ ಶಾಕ್ಯರ ಮೇಲೆ ದಂಡೆತ್ತಿ ಹೋಗಿ ಆ ಕುಲವನ್ನೇ ನಾಶಮಾಡಿದ.

ಈ ಬದುಕನ್ನು ಓದಿ ಮುಚ್ಚಿಟ್ಟಾಗ ನನಗೆ ಅನ್ನಿಸಿದ್ದು ಇಷ್ಟು. ಊಟದ ವಿಷಯದಲ್ಲಿ ರಾಜ ತನ್ನ ದೌರ್ಬಲ್ಯ ಒಪ್ಪಿಕೊಂಡು ಬೆನ್ನ ಹಿಂದೆ ಒಬ್ಬ ಸುದಸ್ಸನನನ್ನು ನಿಲ್ಲಿಸಿಕೊಂಡ, ಗೆದ್ದ. ಚಾಡಿ ಕೇಳುವಾಗ, ಹೆಂಡತಿ ಮಗನನ್ನು ಹೊರಗೆ ಹಾಕುವಾಗ ಹಾಗೆ ಎಚ್ಚರಿಸುವವರನ್ನು ನಿಲ್ಲಿಸಿಕೊಳ್ಳಲಿಲ್ಲ, ಸೋತ. ಬಲಕ್ಕಿಂತ ನೆನಪು ದೊಡ್ಡದು. ನಾವು ಸತಿ ಎಂದು ಕರೆಯುವುದು ಈ ನೆನಪನ್ನೇ.

ಇನ್ನೊಂದು ಮಾತು ಹೇಳದೆ ಮುಗಿಸಿದರೆ ನಮ್ಮ ಹಿರಿಯರಿಗೆ ಅನ್ಯಾಯ ಮಾಡಿದಂತೆ. ಕಡಿಮೆ ತಿನ್ನಿ ಎಂಬ ಉಪದೇಶ ನಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ನಮ್ಮಜ್ಜಿ ಎಷ್ಟೋ ರಾತ್ರಿ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಮಲಗಿದವರು. ದುಡಿದು ಬಂದು ಗೌಡರ ಹಿತ್ತಿಲಲ್ಲಿ ತಂಗಳಿಗೆ ಸೆರಗೊಡ್ಡಿ ನಿಂತವರು. ಬಾಬಾಸಾಹೇಬರು 1920ರಲ್ಲಿ ಎರಡನೇ ಸಲ ಲಂಡನ್ನಿಗೆ ಹೋಗಿ ಓದುವಾಗ ಊಟಕ್ಕೆ ಕಾಸು ಸಾಲದೆ, ನಡುರಾತ್ರಿಯವರೆಗೆ ಓದುತ್ತಾ ಹಸಿವಾದಾಗ ಹಪ್ಪಳದಲ್ಲಿ ಹೊಟ್ಟೆ ಸಮಾಧಾನ ಮಾಡಿಕೊಂಡವರು. ಆ ರಾತ್ರಿಯ ಹಸಿವು ಬೇರೆ. ಅದಕ್ಕೆ ಸಂಯಮದ ಪಾಠ ಹೇಳುವುದು ಪಾಪ.

ಬುದ್ಧರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಆಳವಿ ಎಂಬ ಊರಿನಲ್ಲಿ ಒಬ್ಬ ಬಡ ರೈತ ಕಳೆದುಹೋದ ಎತ್ತನ್ನು ಹುಡುಕಿ ಹಸಿದು ಬಂದಾಗ, ಬುದ್ಧರು ಧಮ್ಮ ಹೇಳಲಿಲ್ಲ. ಉಳಿದ ಊಟವಿದ್ದರೆ ಅವನಿಗೆ ಬಡಿಸಿ ಎಂದು ಮೊದಲು ಊಟ ಹಾಕಿಸಿದರು. ಅವನು ಉಂಡು ಸುಧಾರಿಸಿಕೊಂಡ ಮೇಲೆಯೇ ಉಪದೇಶ. ಧಮ್ಮಪದದಲ್ಲಿ ಹಸಿವನ್ನು ದೊಡ್ಡ ರೋಗವೆಂದು ಗುರುತಿಸುವ 203ನೇ ಗಾಥೆ ಈ ರೈತನ ಪ್ರಸಂಗದ್ದು. ಅದರ ಪಕ್ಕದಲ್ಲೇ ಇರುವ, ಆರೋಗ್ಯದ ಮಹತ್ವ ಹೇಳುವ 204ನೇ ಗಾಥೆ ನಮ್ಮ ಪಸೇನದಿಯ ಪ್ರಸಂಗದ್ದು. ಹಸಿದವನಿಗೆ ಬಡಿಸಿದ ಗುರುವೇ ಉಂಡು ಕೆಟ್ಟವನಿಗೆ ಒಂದು ತುತ್ತು ಬಿಡು ಎಂದರು.

ನಮ್ಮ ತಾತ ಮುತ್ತಾತ ಆಳವಿಯ ರೈತನ ಕಡೆಯವರು. ಬಾಬಾಸಾಹೇಬರ ಹೋರಾಟದಿಂದ, ಓದಿನಿಂದ, ನೌಕರಿಯಿಂದ ನಮ್ಮ ಮನೆಗಳಲ್ಲಿ ಈಗ ಅನ್ನಕ್ಕೆ ಕೊರತೆಯಿಲ್ಲ. ಅದರ ಜೊತೆಗೆ ರಾಜನ ಕಾಯಿಲೆಯೂ ಬಂದಿದೆ. ಸಕ್ಕರೆ ಕಾಯಿಲೆ, ಬಿಪಿ, ಮಂಡಿ ನೋವು ಇಲ್ಲದ ಮನೆ ನಮ್ಮ ಬಳಗದಲ್ಲಿ ಎಷ್ಟಿವೆ? ಅಷ್ಟು ಕಷ್ಟಪಟ್ಟು ಅವರು ಉಳಿಸಿಕೊಟ್ಟ ದೇಹ ಇದು. ಇದನ್ನು ಕಾಪಾಡುವುದೂ ಅವರಿಗೆ ಸಲ್ಲಿಸುವ ಗೌರವವೇ.

ನಮ್ಮ ಮನೆಯ ಹೆಣ್ಣುಮಕ್ಕಳದ್ದು ಇನ್ನೊಂದು ಕಷ್ಟ. ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದೆ ತಾವೇ ತಿಂದು ಮುಗಿಸುತ್ತಾರೆ. ಚೆಲ್ಲಲು ಮನಸ್ಸು ಬಾರದಿರುವುದಕ್ಕೆ ಕಾರಣ ಆ ಹಳೆಯ ಹಸಿವೇ. ಅದಕ್ಕೆ ಪಸೇನದಿಯ ಅಡುಗೆಮನೆಯೇ ಉತ್ತರ. ಬಿಟ್ಟ ತುತ್ತಿನಷ್ಟು ಅಕ್ಕಿಯನ್ನು ಮರುದಿನ ಅಳೆಯುವಾಗಲೇ ಕಡಿಮೆ ಮಾಡಿ. ಉಳಿಯುವುದೂ ಇಲ್ಲ, ಚೆಲ್ಲುವುದೂ ಇಲ್ಲ.

ಆ ಅಕ್ಕನಿಗೂ ನನಗೂ ಈ ವಾರಕ್ಕೆ ಇಷ್ಟು ಸಾಧನೆ:

1. ಹಗಲು ಹೊಟ್ಟೆ ಕಾಯಿಸದಿರುವುದು. ಬೆಳಿಗ್ಗೆ, ಮಧ್ಯಾಹ್ನ ಕಾಳು, ಸೊಪ್ಪು, ಮೊಟ್ಟೆಯಂಥ ಗಟ್ಟಿ ಊಟ ಮಾಡಿದರೆ ರಾತ್ರಿಯ ಸಾಲ ಕಡಿಮೆಯಾಗುತ್ತದೆ.

2. ರಾತ್ರಿ ಊಟದ ಕೊನೆಯ ತುತ್ತಿಗೆ ನಿಲ್ಲುವುದು. ಒಂದೇ ತುತ್ತು. ಮರುದಿನ ಅಷ್ಟು ಕಡಿಮೆ ಅಳೆಯುವುದು.

3. ಹತ್ತು ಗಂಟೆಗೆ ಕಾಲು ಅಡುಗೆಮನೆಗೆ ಹೊರಟಾಗ ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ಆನಾಪಾನ. ಇದು ಹೊಟ್ಟೆಯ ಹಸಿವೋ, ಬೇಸರವೋ, ಟಿವಿಯ ಅಭ್ಯಾಸವೋ ಎಂದು ನೋಡುವುದು. ನಿಜವಾದ ಹಸಿವಾದರೆ ನಾಚಿಕೆಯಿಲ್ಲದೆ ಕುಳಿತು ಒಂದು ಲೋಟ ಮಜ್ಜಿಗೆಯನ್ನೋ ಸ್ವಲ್ಪ ಬೇಯಿಸಿದ ಕಾಳನ್ನೋ ತೆಗೆದುಕೊಳ್ಳುವುದು. ನಿಂತು, ಕತ್ತಲಲ್ಲಿ, ಡಬ್ಬದಿಂದ ನೇರವಾಗಿ ಬೇಡ.

4. ಹೊತ್ತಿಗೆ ಸರಿಯಾಗಿ ಮಲಗುವುದು. ನಿದ್ದೆ ಕೆಟ್ಟರೆ ಹಸಿವು ಹೆಚ್ಚುತ್ತದೆ.

5. ಮನೆಯಲ್ಲಿ ಒಬ್ಬ ಸುದಸ್ಸನನನ್ನು ಗೊತ್ತುಮಾಡಿಕೊಳ್ಳುವುದು. ನಮ್ಮ ಮನೆಯಲ್ಲಿ ಏಳನೇ ಕ್ಲಾಸಿನ ಮಗಳು ಈ ಕೆಲಸ ಒಪ್ಪಿಕೊಂಡಿದ್ದಾಳೆ. ಸಂಬಳ ವಾರಕ್ಕೆ ಹತ್ತು ರೂಪಾಯಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ರಾತ್ರಿ ಊಟ ಬಿಡಬಾರದು. ಸಕ್ಕರೆ ಇದ್ದಕ್ಕಿದ್ದಂತೆ ಇಳಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರು, ಬೆಳೆಯುವ ಮಕ್ಕಳು, ರಟ್ಟೆ ಮುರಿದು ದುಡಿಯುವವರು ಹೊಟ್ಟೆ ತುಂಬ ಉಣ್ಣಲಿ.

ಒಂದು ದಿನ ತಪ್ಪಿದರೆ ಬೈದುಕೊಳ್ಳಬೇಡಿ. ಪಸೇನದಿಯೂ ಎಷ್ಟೋ ಸಲ ತಪ್ಪಿದ. ಆದರೂ ಅವನಿಗೆ ಜೇತವನದ ಬಾಗಿಲು ಒಮ್ಮೆಯೂ ಮುಚ್ಚಿರಲಿಲ್ಲ. ನಾಳೆ ಮತ್ತೆ ಒಂದು ತುತ್ತು.

ನಿಮ್ಮ ಮನೆಯ ಸುದಸ್ಸನ ಯಾರು ಎಂದು ಗುಂಪಿನಲ್ಲಿ ತಿಳಿಸಿ. ಮುಂದಿನ ಭಾನುವಾರ ವಂದನೆಯ ನಂತರ ಮಾತಾಡೋಣ.

ಎಲ್ಲರಿಗೂ ಒಳ್ಳೆಯ ಆರೋಗ್ಯ, ಒಳ್ಳೆಯ ನಿದ್ದೆ ದೊರೆಯಲಿ.

ನಮೋ ಬುದ್ಧಾಯ 🙏 ಜೈ ಭೀಮ್